ಒಂದೇ ಕರಿಬಂಡೆಯ ಮೇಲಿನ ಎರಡು ಕೋಟೆಗಳು

ಇಂಗ್ಲೆಂಡಿನ ಈಶಾನ್ಯ ತುದಿಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ತಾಗಿಕೊಂಡಿರುವ ನಾರ್ತಂಬರ್‌ಲ್ಯಾಂಡ್ ಕೌಂಟಿಯ ಕಡಲಂಚಿನಲ್ಲಿ ವಿನ್ ಸಿಲ್ ಎಂಬ ಕಪ್ಪು ಅಗ್ನಿಶಿಲೆಯ ಪದರವು ಅಲ್ಲಲ್ಲಿ ತಲೆಯೆತ್ತಿದೆ. ಬ್ಯಾಂಬರೊ ಮತ್ತು ಡನ್‌ಸ್ಟನ್‌ಬರೊ ಕೋಟೆಗಳೆರಡೂ ಅದರ ಮೇಲೆಯೇ ನಿಂತಿವೆ. ಕಳೆದ ಅಕ್ಟೋಬರಿನಲ್ಲಿ ಇವೆರಡನ್ನೂ ಒಂದರ ಮರುದಿನ ಇನ್ನೊಂದರಂತೆ ನೋಡಿದೆನು.

ಬ್ಯಾಂಬರೊ ದೂರದಿಂದಲೇ ಮನಸ್ಸನ್ನು ಗೆಲ್ಲುತ್ತದೆ. ನಾರ್ತಂಬ್ರಿಯ ಎಂಬ ಹಳೆಯ ರಾಜ್ಯದ ಆಂಗ್ಲೋ-ಸ್ಯಾಕ್ಸನ್ ಅರಸರ ರಾಜಧಾನಿಯಾಗಿದ್ದ ಈ ಗುಡ್ಡವನ್ನು 993ರಲ್ಲಿ ಸ್ಕ್ಯಾಂಡಿನೇವಿಯದ ಕಡಲುದಾಳಿಕಾರರಾದ ವೈಕಿಂಗರು ಕೊಳ್ಳೆಹೊಡೆದರು. ನಡುವಿನ ಚೌಕ ಗೋಪುರ 12ನೆಯ ಶತಮಾನದ್ದು. 1464ರಲ್ಲಿ, ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಎರಡು ಮನೆತನಗಳು ಕಾದಾಡಿದ ಗುಲಾಬಿಗಳ ಯುದ್ಧದ ಕಾಲದಲ್ಲಿ, ಫಿರಂಗಿಗಳ ಹೊಡೆತಕ್ಕೆ ಶರಣಾದ ಇಂಗ್ಲೆಂಡಿನ ಮೊದಲ ಕೋಟೆಯೆಂಬ ಹೆಸರು ಇದಕ್ಕೆ ಬಂದಿತು. ಆದರೆ ಒಳಗೆ ಕಾಲಿಟ್ಟರೆ ಕಾಣುವುದರಲ್ಲಿ ಹೆಚ್ಚಿನ ಪಾಲು 1894ರಲ್ಲಿ ಇದನ್ನು ಕೊಂಡ ವಿಲಿಯಂ ಆರ್ಮ್‌ಸ್ಟ್ರಾಂಗ್‌ನದು. ಅವನ ಸಿರಿಯಲ್ಲಿ ಫಿರಂಗಿ ತಯಾರಿಕೆಯ ಪಾಲೂ ಇತ್ತು ಎಂಬುದನ್ನು ನೆನೆದು ನಾನು ನಕ್ಕುಬಿಟ್ಟೆ. ದರ್ಬಾರು ಹಾಲಿನ ತೇಗದ ಸೂರು ಅಪ್ಪಟ ಮರಗೆಲಸವೇ ಹೌದು; ಆದರೂ ಅದರ ಕೆಳಗೆ ನಿಂತಾಗ ಮಧ್ಯಯುಗಕ್ಕಿಂತ ಒಬ್ಬ ಉದ್ಯಮಿಯ ಆಸೆಯೇ ಕಣ್ಣಿಗೆ ಕಟ್ಟಿತು. ಹಳೆಯ ಕಾಲ ನನಗೆ ನಿಜವಾಗಿ ಸಿಕ್ಕಿದ್ದು ಗೋಪುರದ ತಳದಲ್ಲಿ, ಆ ಗಟ್ಟಿ ಬಂಡೆಯನ್ನೇ ಕೊರೆದು 40 ಮೀಟರಿಗೂ ಆಳಕ್ಕೆ ಇಳಿಸಿದ ಬಾವಿಯ ಬಳಿಯಲ್ಲಿ.

ಡನ್‌ಸ್ಟನ್‌ಬರೊಗೆ ವಾಹನ ಹೋಗುವುದಿಲ್ಲ. ಹೆರಿಂಗ್ ಮೀನನ್ನು ಓಕ್ ಮರದ ಹೊಗೆಯಲ್ಲಿ ಹದಮಾಡುವ ಕ್ರಾಸ್ಟರ್ ಎಂಬ ಹಳ್ಳಿಯಿಂದ, ಕುರಿ ಮೇಯುವ ಹುಲ್ಲಿನ ಮೇಲೆ, ಸುಮಾರು ಎರಡು ಕಿಲೋಮೀಟರು ನಡೆಯಬೇಕು. ದಾರಿಯುದ್ದಕ್ಕೂ ಎದುರಿಗೆ ಕಾಣುವ ಹೆಬ್ಬಾಗಿಲಿನ ಜೋಡಿ ಬುರುಜುಗಳು, ನೆತ್ತಿ ಕುಸಿದು, ಮುರಿದ ಹಲ್ಲುಗಳಂತೆ ನಿಂತಿವೆ. ಎರಡನೆಯ ಎಡ್ವರ್ಡ್ ದೊರೆಯೊಡನೆ ಹಗೆ ಕಟ್ಟಿಕೊಂಡಿದ್ದ ಅವನ ದಾಯಾದಿ, ಲ್ಯಾಂಕಾಸ್ಟರಿನ ಅರ್ಲ್ (ಇಂಗ್ಲೆಂಡಿನ ಒಂದು ಸಾಮಂತ ಪದವಿ) ಥಾಮಸ್, 1313ರಲ್ಲಿ ಇದನ್ನು ಕಟ್ಟಲು ತೊಡಗಿದನು. ಸುತ್ತಲೂ ಕೆರೆಗಳನ್ನು ತೋಡಿಸಿ, ಕೋಟೆ ನೀರಿನ ನಡುವೆ ತೇಲುವಂತೆ ಕಾಣಬೇಕೆಂದು ಹವಣಿಸಿದ್ದನು. ಆ ತಗ್ಗುಗಳಲ್ಲಿ ಈಗ ಜೊಂಡು ಬೆಳೆದಿದೆ. 1322ರಲ್ಲಿ ಬರೋಬ್ರಿಜ್ ಕಾಳಗದಲ್ಲಿ ಸೋತು ಸೆರೆಸಿಕ್ಕ ಅವನ ತಲೆಯನ್ನು ದೊರೆ ಕಡಿಸಿದನು. ಆಮೇಲೆ ಬಂದವರು ಅಷ್ಟಿಷ್ಟು ಮಾರ್ಪಡಿಸಿದರೇ ಹೊರತು ಮೊದಲಿನ ವೈಭವಕ್ಕೆ ಬಣ್ಣ ಬಳಿಯಲಿಲ್ಲ. ಆದ್ದರಿಂದಲೇ ಇಲ್ಲಿ ಬಿದ್ದ ಗೋಡೆಯೂ ತನ್ನ ಕಾಲದ ಮಾತನ್ನೇ ಆಡುತ್ತದೆ, ಮತ್ತು ನನ್ನ ಮತ ಈ ಕೋಟೆಗೇ.

1309ರಲ್ಲಿ ಪರ್ಸಿ ಮನೆತನದ ಕೈಸೇರಿದ, ಇದೇ ಕೌಂಟಿಯ ಆನಿಕ್ ಕೋಟೆಯನ್ನು (ಇಂಗ್ಲಿಷಿನಲ್ಲಿ Alnwick ಎಂದು ಬರೆಯುವಾಗ ಬರುವ ಎಲ್ ಮತ್ತು ಡಬ್ಲ್ಯೂ ಅಕ್ಷರಗಳನ್ನು ಅಲ್ಲಿಯವರು ಉಚ್ಚರಿಸುವುದೇ ಇಲ್ಲ) ಈ ಹೋಲಿಕೆಗೆ ಸೇರಿಸಿಲ್ಲ. ಅದು ಕಡಲಿನಿಂದ ಒಳಗಿದೆ.

ವಯಸ್ಸಾದವರನ್ನು ಕರೆದೊಯ್ಯುವವರು ಮಾತ್ರ ಬ್ಯಾಂಬರೊವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಡನ್‌ಸ್ಟನ್‌ಬರೊದಲ್ಲಿ ಮಳೆ ಹಿಡಿದಾಗ ನನಗೆ ಆಸರೆಯಾದದ್ದು ಹೆಬ್ಬಾಗಿಲಿನ ಕಮಾನು ಒಂದೇ, ಅದರಡಿಯಲ್ಲಿ ಆಗಲೇ ಇಬ್ಬರೂ ಒಂದು ನಾಯಿಯೂ ನಿಂತಿದ್ದರು.