ಎರಡು ಬಾರಿ ಸೋತವಳಿಗೆ ಸ್ಟೀರಿಂಗ್ ಹಿಡಿಸಿದ ಡ್ರೈವಿಂಗ್ ಶಾಲೆ

ಮೈಸೂರಿನ ನಮ್ಮ ಬಡಾವಣೆಯ ಈ ಪುಟ್ಟ ಡ್ರೈವಿಂಗ್ ಶಾಲೆಗೆ ನಾನು ಸೇರಿದ್ದು ಆರ್‌ಟಿಒ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣಳಾದ ಮೇಲೆ. ಸೋತವರು 7 ದಿನಗಳ ನಂತರ ಮತ್ತೆ ಹಾಜರಾಗಬಹುದಾದರೂ, ಮೂರನೆಯ ಸಲವೂ ಸೋತರೆ 60 ದಿನ ಕಾಯಬೇಕೆಂಬ ನಿಯಮ ನನ್ನ ನಿದ್ದೆಗೆಡಿಸಿತ್ತು. ಏರಿನಲ್ಲಿ ಕಾರು ಹಿಂದಕ್ಕೆ ಜಾರಿದ ಆ ಕ್ಷಣ ಕನಸಿನಲ್ಲೂ ಬರುತ್ತಿತ್ತು.

ಇಲ್ಲಿನ ಹಿರಿಯ ತರಬೇತುದಾರರು ಉಪದೇಶಕ್ಕೆ ತೊಡಗದೆ, ಮೊದಲ ದಿನವೇ ನನ್ನನ್ನು ಏರುರಸ್ತೆಗೆ ಕರೆದೊಯ್ದು, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚನ್ನು ಅರ್ಧ ಬಿಟ್ಟು, ಎಂಜಿನ್ನಿನ ಸದ್ದು ತಗ್ಗುವುದನ್ನು ಕಿವಿಯಿಂದಲೇ ಗುರುತಿಸಿ, ಅನಂತರವಷ್ಟೇ ಬ್ರೇಕ್ ಸಡಿಲಿಸುವುದನ್ನು ಹತ್ತಾರು ಬಾರಿ ಮಾಡಿಸಿದರು. “ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆಯಮ್ಮ, ಆದರೆ ಅದನ್ನು ಒತ್ತುವ ಪ್ರಮೇಯ ಬರುವುದಿಲ್ಲ” ಎನ್ನುತ್ತಿದ್ದರು. ದಿನವೂ ಹೊರಡುವ ಮುನ್ನ ಚಾಮುಂಡಿಬೆಟ್ಟದ ಕಡೆಗೆ ಕೈ ಮುಗಿಯುತ್ತಿದ್ದ ನನಗೆ ತಾಯಿಯ ಮೇಲಿನ ನಂಬಿಕೆಯೂ ಇವರ ತಾಳ್ಮೆಯೂ ಒಟ್ಟಿಗೇ ಧೈರ್ಯ ತುಂಬಿದವು.

ಅರ್ಧ ಗಂಟೆಯ ತರಗತಿಯಲ್ಲೇ ಪೆಟ್ರೋಲ್ ಬಂಕಿಗೆ ಹೋಗುವ ಸಮಯವನ್ನೂ ಸೇರಿಸುವುದು ಸರಿಯಲ್ಲ. ರಾತ್ರಿ ಚಾಲನೆಯನ್ನಂತೂ ಕಲಿಸುವುದೇ ಇಲ್ಲ. ಮೂರನೆಯ ಪರೀಕ್ಷೆಯ ದಿನ ಏರಿನಲ್ಲಿ ಕಾಲು ನಡುಗಿತು, ಆದರೆ ಕಾರು ಜಾರಲಿಲ್ಲ.