ದಾಸವಾಳದ ಹಿಟ್ಟು ತಿಗಣೆಗೆ ಬೇವಿನ ಎಣ್ಣೆಯೋ, ಸೋಪಿನ ದ್ರಾವಣವೋ?

ಬೇಸಿಗೆ ಕಾಲಿಡುತ್ತಿದ್ದಂತೆ ಬೆಂಗಳೂರಿನ ತಾರಸಿಗಳಲ್ಲಿ ದಾಸವಾಳದ ಕುಡಿಗಳು ಮುರುಟತೊಡಗುತ್ತವೆ. ಮೊಗ್ಗಿನ ತೊಟ್ಟಿನ ಸಂದಿಯಲ್ಲಿ ಹತ್ತಿಯಂತಹ ಬಿಳಿ ಮುದ್ದೆ ಕಾಣಿಸಿ, ಎಲೆಗಳು ಅಂಟಂಟಾಗಿ, ಅದರ ಮೇಲೆ ಕಪ್ಪು ಬೂಷ್ಟು ಕೂತರೆ ಅದು ಹಿಟ್ಟು ತಿಗಣೆಯ ಕೆಲಸ. ಬೇವಿನ ಎಣ್ಣೆ, ಸೋಪಿನ ದ್ರಾವಣ, ಸ್ಪಿರಿಟ್ ಮೂರನ್ನೂ ನಮ್ಮ ಕುಂಡಗಳಲ್ಲಿ ಬೇರೆ ಬೇರೆ ಗಿಡಗಳಿಗೆ ಬಳಸಿ ನೋಡಿದ ಮೇಲೆ, ಎಲ್ಲರೂ ಮೊದಲು ಸೂಚಿಸುವ ಬೇವಿನ ಎಣ್ಣೆಗೆ ಈ ಕೀಟದ ಮಟ್ಟಿಗೆ ನಾನು ಎರಡನೆಯ ಸ್ಥಾನವನ್ನಷ್ಟೇ ಕೊಡುತ್ತೇನೆ.

ಬೇವಿನ ಎಣ್ಣೆಯನ್ನು ಲೀಟರ್ ನೀರಿಗೆ 5 ಮಿ.ಲೀ.ನಂತೆ, ಬೆರೆಯುವಷ್ಟು ದ್ರವ ಸೋಪು ಸೇರಿಸಿ ಸಂಜೆ ಸಿಂಪಡಿಸಬೇಕು. ಅದರ ಅಜಾಡಿರಾಕ್ಟಿನ್ ಅಂಶ ಬಿಸಿಲಿಗೆ ಬೇಗ ಕೆಡುತ್ತದೆ. ಆ ಅಂಶ ಕೀಟದ ಹಸಿವನ್ನು ಕುಗ್ಗಿಸಿ ಪೊರೆ ಕಳಚುವುದಕ್ಕೆ ಅಡ್ಡಿಯಾಗುವುದರಿಂದ ಮರಿಗಳಿಗೆ ಚೆನ್ನಾಗಿ ತಾಗುತ್ತದೆ. ಮೇಣದ ಹೊದಿಕೆಯೊಳಗೆ ಕೂತ ಬಲಿತ ತಿಗಣೆ ಮತ್ತು ಮೊಟ್ಟೆಯ ಚೀಲಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಅವರೆಯ ಕುಡಿಗೆ ಮುತ್ತುವ ಹೇನಿಗಾದರೆ ಇದು ಸಾಕು.

ಸೋಪು ಆ ಮೇಣವನ್ನೇ ಸಡಿಲಿಸುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪನ್ನು ಲೀಟರಿಗೆ ಸುಮಾರು 8 ಗ್ರಾಂನಂತೆ ಕರಗಿಸಿ, ಎಲೆಯ ಅಡಿಭಾಗವೂ ತೊಟ್ಟಿನ ಸಂದಿಯೂ ತೊಯ್ಯುವಂತೆ ಹೊಡೆದಾಗ ಬಿಳಿ ಮುದ್ದೆ ಕರಗಿ ಒಳಗಿನ ಕೆಂಪು ಮೈ ಹೊರಬೀಳುವುದು ಕಣ್ಣಿಗೇ ಕಾಣುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಒಡೆದು ಕೆನೆಗಟ್ಟಿ ಶಕ್ತಿ ಕಳೆದುಕೊಳ್ಳುವುದರಿಂದ ಕಾವೇರಿ ನೀರನ್ನೋ ಮಳೆನೀರನ್ನೋ ಬಳಸಬೇಕು. ಒಣಗಿದ ಮೇಲೆ ಅದು ಕೆಲಸ ಮಾಡುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಮರುಸಿಂಪಡಣೆ ಅನಿವಾರ್ಯ. ಬಟ್ಟೆ ಒಗೆಯುವ ಪುಡಿಯನ್ನು ಇದಕ್ಕೆ ಬದಲಿಯಾಗಿ ಬಳಸಲೇಬಾರದು, ಎಲೆ ಸುಡುತ್ತದೆ.

ಹತ್ತಿಯನ್ನು ಅದ್ದಿ ಒರೆಸುವ 70% ಐಸೊಪ್ರೊಪೈಲ್ ಸ್ಪಿರಿಟ್ ಎಲ್ಲಕ್ಕಿಂತ ಬೇಗ ಕೊಲ್ಲುತ್ತದೆ. ಅಡೀನಿಯಂನಂತಹ ಸಣ್ಣ ಗಿಡಕ್ಕೆ ಅದೇ ಸರಿ. ಎದೆಮಟ್ಟದ ದಾಸವಾಳವನ್ನು ಹೀಗೆ ಒರೆಸುತ್ತ ಕೂರಲಾಗದು.

ಇಮಿಡಾಕ್ಲೋಪ್ರಿಡ್ ಎಂಬ ರಾಸಾಯನಿಕ ಕೀಟನಾಶಕ ಇವೆಲ್ಲಕ್ಕಿಂತ ಬಲವಾದುದು ನಿಜ. ಆದರೆ ಅದು ಗಿಡದ ರಸದೊಳಗೆ ಸೇರಿ ಮಕರಂದಕ್ಕೂ ಇಳಿಯುತ್ತದೆ. ಜೇನ್ನೊಣ, ಸೂರಕ್ಕಿಗಳು ಬರುವ ಗಿಡಕ್ಕೆ, ಅದೂ ಕರಿಬೇವು, ತುಳಸಿಯ ಪಕ್ಕದಲ್ಲಿ, ನಾನು ಅದನ್ನು ಮುಟ್ಟುವುದಿಲ್ಲ.

ಯಾವುದನ್ನು ಆರಿಸಿದರೂ ಇರುವೆಗಳನ್ನು ತಡೆಯದಿದ್ದರೆ ಶ್ರಮ ವ್ಯರ್ಥ, ಏಕೆಂದರೆ ತಿಗಣೆ ಸ್ರವಿಸುವ ಸಿಹಿದ್ರವದ ಆಸೆಗೆ ಅವು ಶತ್ರುಕೀಟಗಳನ್ನು ಓಡಿಸಿ ತಿಗಣೆಗೆ ಕಾವಲು ನಿಲ್ಲುತ್ತವೆ. ಕುಂಡದ ಸ್ಟ್ಯಾಂಡಿನ ಕಾಲುಗಳಿಗೆ ಗ್ರೀಸ್ ಬಳಿದು, ಕೊಂಬೆಗಳು ಗೋಡೆಗೆ ತಾಗದಂತೆ ಸವರಿದರೆ ಸಾಕು.

ಸಿಂಪಡಿಸುವ ಮೊದಲು ಆ ಬಿಳಿ ಮುದ್ದೆಗಳ ನಡುವೆ ತುಸು ದೊಡ್ಡದಾಗಿ, ಉದ್ದುದ್ದ ಬಿಳಿ ಎಳೆಗಳನ್ನು ಹೊತ್ತು ಚುರುಕಾಗಿ ಓಡಾಡುವ ಹುಳುವಿದೆಯೇ ಎಂದು ನೋಡಬೇಕು. ಅದು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ತಿಗಣೆಯನ್ನೂ ಅದರ ಮೊಟ್ಟೆಗಳನ್ನೂ ತಿಂದು ಬದುಕುತ್ತದೆ. ಸೋಪು ಅದನ್ನೂ ಕೊಲ್ಲುವುದರಿಂದ ಅದು ಕಂಡ ಕೊಂಬೆಯನ್ನು ಹಾಗೆಯೇ ಬಿಟ್ಟು ಉಳಿದವುಗಳಿಗೆ ಮಾತ್ರ ಸಿಂಪಡಿಸುತ್ತೇನೆ.