ದಾಖಲೆ ಪತ್ರಕ್ಕೆ ಕಂಪನಿಯ ಹೊಸ ಟೋನರೇ ಸರಿ

ಖರೀದಿ ಪತ್ರ, ವಾಟ್ನಿ ಪತ್ರ (ಆಸ್ತಿ ಪಾಲಿನ ಪತ್ರ), ಅಫಿಡವಿಟ್ ಹೊರಬರುವ ಪ್ರಿಂಟರಿಗೆ ನಾನು ಈಗ ಕಂಪನಿಯ ಹೊಸ ಕಾರ್ಟ್ರಿಜ್ ಬಿಟ್ಟು ಬೇರೆ ಯಾವುದನ್ನೂ ಹಾಕುವುದಿಲ್ಲ. ಧಾರವಾಡದಲ್ಲಿ ನನ್ನದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಇರುವುದು ಎರಡು ಹಳೆಯ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರುಗಳು, ಎರಡಕ್ಕೂ ಕೂರುವುದು 303 ಕಾರ್ಟ್ರಿಜ್. ಯಂತ್ರಗಳು ಗಟ್ಟಿ, ತಂಟೆಯಿಲ್ಲ. ದುಡ್ಡು ಹೋಗುವುದೆಲ್ಲ ಟೋನರಿಗೆ, ಅಂದರೆ ಕಾರ್ಟ್ರಿಜ್ ಡಬ್ಬಿಯೊಳಗಿನ ಕಪ್ಪು ಪುಡಿಗೆ. ಹಾಗಾಗಿಯೇ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹೊಸದರ ಮೂರನೇ ಒಂದು ಭಾಗದ ಬೆಲೆಗೆ ರೀಮ್ಯಾನುಫ್ಯಾಕ್ಚರ್ಡ್ ಕಾರ್ಟ್ರಿಜ್ ಸಿಕ್ಕಾಗ ತಂದೆ.

ನಮ್ಮ ಕಡೆ ಎಲ್ಲವನ್ನೂ ರೀಫಿಲ್ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಖಾಲಿ ಡಬ್ಬಿಗೆ ಪುಡಿ ಸುರಿದು ಮುಚ್ಚಿದರೆ ಅದು ರೀಫಿಲ್. ಡಬ್ಬಿಯನ್ನು ಪೂರ್ತಿ ಬಿಚ್ಚಿ, ಸ್ವಚ್ಛಗೊಳಿಸಿ, ಪುಡಿಯನ್ನು ಅಕ್ಷರದ ಆಕಾರದಲ್ಲಿ ಕಾಗದಕ್ಕೆ ದಾಟಿಸುವ ಉರುಳೆಯನ್ನೂ (ಡ್ರಮ್) ಸವೆದಿದ್ದರಿಂದ, ಅದನ್ನು ಒರೆಸುವ ಬ್ಲೇಡನ್ನೂ ಬದಲಿಸಿ, ಹಳೆಯ ಕಸದ ಪುಡಿಯನ್ನು ತೆಗೆದು, ಆಮೇಲೆ ಹೊಸ ಪುಡಿ ತುಂಬಿದರೆ ಅದು ರೀಮ್ಯಾನುಫ್ಯಾಕ್ಚರ್ಡ್. ತೊಂದರೆ ಏನೆಂದರೆ ಎರಡೂ ಅದೇ ಕಪ್ಪು ಚೀಲದಲ್ಲಿ, ಅದೇ ಬಿಳಿ ಪೆಟ್ಟಿಗೆಯಲ್ಲಿ ಬರುತ್ತವೆ. ಒಳಗೆ ಏನು ಬದಲಿಸಿದ್ದಾರೆ ಎಂಬುದಕ್ಕೆ ಅಂಗಡಿಯವರ ಬಾಯಿಮಾತೇ ಆಧಾರ.

ನನ್ನ ಪಾಲಿಗೆ ಬಂದದ್ದರಲ್ಲಿ ಒಂದು ಚುಕ್ಕಿ ಇತ್ತು. ಸಾಸಿವೆ ಕಾಳಿನ ಕಾಲು ಭಾಗದಷ್ಟು ಕಪ್ಪು ಚುಕ್ಕಿ, ಹಾಳೆಯ ಎಡಭಾಗದಲ್ಲಿ, ಒಂದರ ಕೆಳಗೊಂದು. ಸ್ಕೇಲ್ ಇಟ್ಟು ಅಳೆದರೆ ನಡುವೆ ಏಳೂವರೆ ಸೆಂಟಿಮೀಟರ್. ಈ ಕಾರ್ಟ್ರಿಜ್‌ನ ಡ್ರಮ್ಮಿನ ವ್ಯಾಸ 24 ಮಿಲಿಮೀಟರ್. ಒಂದು ಸುತ್ತಿಗೆ ಸುಮಾರು 75 ಮಿಲಿಮೀಟರ್ ಕಾಗದ ಸಾಗುತ್ತದೆ. ಲೆಕ್ಕ ಅಲ್ಲಿಗೇ ಸರಿಹೋಯಿತು. ಡ್ರಮ್ಮಿನ ಮೇಲಿನ ತೆಳು ಪದರ ಎಲ್ಲೋ ಒಂದು ಕಡೆ ಕಿತ್ತಿದೆ. ಕಿತ್ತ ಜಾಗದಲ್ಲಿ ವಿದ್ಯುದಂಶ ನಿಲ್ಲುವುದಿಲ್ಲ, ಅಲ್ಲಿಗೆ ಪುಡಿ ಅಂಟುತ್ತದೆ, ಪ್ರತಿ ಸುತ್ತಿಗೂ ಒಂದು ಚುಕ್ಕಿ ಬೀಳುತ್ತದೆ. ಲೀಗಲ್ ಹಾಳೆಗೆ ನಾಲ್ಕೈದು.

ಚುಕ್ಕಿ ತಾನೆ ಎನ್ನಬಹುದು. ಕಲಘಟಗಿ ಕಡೆಯ ಹಿರಿಯರೊಬ್ಬರ ವಾಟ್ನಿ ಪತ್ರದಲ್ಲಿ ಅದು ಹೋಗಿ ಕೂತದ್ದು 12 ಎಕರೆಯ ಒಂದಕ್ಕೂ ಎರಡಕ್ಕೂ ನಡುವೆ. ಹೊಲದ ದಾಖಲೆಯಾದ ಉತಾರ ಓದಿ ಬೆಳೆದ ಕಣ್ಣಿಗೆ 1.2 ಎಂದರೆ ಒಂದು ಎಕರೆ ಎರಡು ಗುಂಟೆ. ಅವರು ಕನ್ನಡಕ ಏರಿಸಿ, ಬೆರಳಿಟ್ಟು, ‘ತಮ್ಮಾ, ಉಳಿದ ಹೊಲವನ್ನು ಯಾರ ಪಾಲಿಗೆ ಹಾಕಿದೆ?’ ಎಂದರು. ಪಕ್ಕದಲ್ಲಿದ್ದ ತಮ್ಮಂದಿರಿಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ಆಸ್ತಿ ಹಂಚಿಕೆಗೆ ಕೂತವರ ಮುಂದೆ ಡ್ರಮ್ಮಿನ ಪದರದ ವಿಚಾರ ವಿವರಿಸಲು ಸಾಧ್ಯವೇ? ಬಿಳಿ ಹಾಳೆಯಾಗಿದ್ದರೆ ಹರಿದು ಇನ್ನೊಂದು ತೆಗೆಯಬಹುದಿತ್ತು. ಚುಕ್ಕಿ ಬಿದ್ದದ್ದು ಇ-ಸ್ಟ್ಯಾಂಪ್ ಹಾಳೆಯ ಮೇಲೆ. ಹೊಸ ಸ್ಟ್ಯಾಂಪ್ ಹಾಳೆಯ ದುಡ್ಡನ್ನು ನಾನೇ ಕೊಟ್ಟೆ.

ಅಂಗಡಿಗೆ ಫೋನ್ ಮಾಡಿದರೆ, ಡ್ರಮ್ ಹೊಸದೇ ಹಾಕಿದ್ದೇವೆ, ಪ್ರಿಂಟರ್ ತೋರಿಸಿ ಎಂಬ ಉತ್ತರ. ಅದೇ ಕಾರ್ಟ್ರಿಜ್ಜನ್ನು ಇನ್ನೊಂದು ಪ್ರಿಂಟರಿಗೆ ಹಾಕಿದೆ, ಚುಕ್ಕಿಯೂ ಅದರ ಜೊತೆಗೇ ಹೋಯಿತು. ಮೊದಲಿನ ಪ್ರಿಂಟರ್ ಶುಭ್ರವಾಗಿ ಮುದ್ರಿಸಿತು. ಎರಡೂ ಹಾಳೆ ಹಿಡಿದು ಹುಬ್ಬಳ್ಳಿಗೆ ಹೋದ ಮೇಲೆ ಬದಲಿಸಿಕೊಟ್ಟರು. ಬದಲಿಯಾಗಿ ಬಂದದ್ದರಲ್ಲಿ ಚುಕ್ಕಿ ಇರಲಿಲ್ಲ, ಹಾಳೆಯ ಉದ್ದಕ್ಕೂ ಒಂದು ತೆಳು ಗೆರೆ ಇತ್ತು! ಅದು ಬ್ಲೇಡಿನ ಕೆಲಸ.

ಪುಡಿಯಲ್ಲೂ ವ್ಯತ್ಯಾಸ ಉಂಟು. ನಮ್ಮ ಜನ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಎದೆಕಿಸೆಗೆ ಸೇರಿಸುತ್ತಾರೆ. ಕಂಪನಿಯ ಟೋನರ್ ಮಡಿಕೆಯಲ್ಲಿಯೂ ಹಿಡಿದುಕೊಂಡಿರುತ್ತದೆ. ನಾನು ತಂದ ರೀಮ್ಯಾನುಫ್ಯಾಕ್ಚರ್ಡ್‌ನದು ಬಿಸಿ ರೋಲರಿನಲ್ಲಿ ಸರಿಯಾಗಿ ಕರಗಿ ಅಂಟುತ್ತಿರಲಿಲ್ಲ. ಮಡಿಕೆಯ ಗೆರೆಯಲ್ಲಿ ಒತ್ತಕ್ಷರಗಳೇ ಉದುರುತ್ತಿದ್ದವು. ಆಗಷ್ಟೇ ಮುದ್ರಿಸಿದ ಹಾಳೆಯನ್ನು ಮಡಚಿ, ಹೆಬ್ಬೆರಳಿನಿಂದ ಉಜ್ಜಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕಾಗದವೇ ತೇವ ಹಿಡಿದಿದ್ದರೆ ಇದು ಇನ್ನೂ ಹೆಚ್ಚು.

ಪೆಟ್ಟಿಗೆಯ ಮೇಲಿನ 2000 ಪುಟದ ಲೆಕ್ಕವನ್ನು ಎರಡರಲ್ಲೂ ನಂಬಬೇಡಿ. ಅದು ಪುಟದ ಶೇಕಡಾ 5ರಷ್ಟು ಮಾತ್ರ ಕಪ್ಪಾಗುವ ಅಳತೆ, ಲೀಗಲ್ ಹಾಳೆಯಲ್ಲಿ ಒತ್ತೊತ್ತಾಗಿ ಕೂರುವ ಕನ್ನಡದ ಸಾಲುಗಳಿಗೆ ಒಪ್ಪುವುದಿಲ್ಲ.

ಕಾರ್ಟ್ರಿಜ್‌ನಲ್ಲಿ ಚಿಪ್ ಇರುವ ಹೊಸ ಮಾದರಿಯ ಪ್ರಿಂಟರುಗಳ ಕಥೆ ಬೇರೆ. ಕೆಲವು ತಮ್ಮ ಕಂಪನಿಯದಲ್ಲದ ಚಿಪ್ಪನ್ನು ಒಪ್ಪಿಕೊಳ್ಳುವುದೇ ಇಲ್ಲ. ನನ್ನ ಹಳೆಯವಕ್ಕೆ ಆ ರಗಳೆ ಇಲ್ಲ.

ಹೊಸದರಲ್ಲಿಯೂ ಒಂದು ಎಚ್ಚರ ಬೇಕು. ಅಸಲಿ ಪೆಟ್ಟಿಗೆಯೊಳಗೆ ನಕಲಿ ಮಾಲು ತುಂಬಿ ಮಾರುವ ದಂಧೆ ಇದೆ. ಆದ್ದರಿಂದ ಬಿಲ್ ಇಲ್ಲದೆ ಕೊಳ್ಳುವುದಿಲ್ಲ, ಖಾಲಿ ಪೆಟ್ಟಿಗೆಯನ್ನು ಹರಿಯದೆ ಹೊರಗೆ ಎಸೆಯುವುದಿಲ್ಲ.

ಹಾಗೆಂದು ರೀಮ್ಯಾನುಫ್ಯಾಕ್ಚರ್ಡ್‌ಗೆ ಪೂರ್ತಿ ಬಾಗಿಲು ಹಾಕಿಲ್ಲ. ಎರಡನೇ ಪ್ರಿಂಟರಿನಲ್ಲಿ ಕರಡು ಪ್ರತಿ, ಹುಡುಗರ ನೋಟ್ಸ್, ಅರ್ಜಿ ನಮೂನೆಗಳು ಬರುತ್ತವೆ. ಅಲ್ಲಿ ಚುಕ್ಕಿಗೆ ಯಾರೂ ಜಗಳ ಮಾಡುವುದಿಲ್ಲ. ಸಪ್ತಾಪುರದ ಕೋಚಿಂಗ್ ಹುಡುಗರಿಗೆ ಬೇಕಾಗಿರುವುದು ಪುಟಕ್ಕೆ ಕಡಿಮೆ ದರ ಅಷ್ಟೇ. ಅದಕ್ಕೆ ನಾನು ಪೆಟ್ಟಿಗೆಯ ಮಾಲು ತರುವುದಿಲ್ಲ. ದಾಖಲೆಯ ಪ್ರಿಂಟರಿನಲ್ಲಿ ಖಾಲಿಯಾದ ನನ್ನದೇ ಅಸಲಿ ಡಬ್ಬಿಯನ್ನು ಪರಿಚಯದ ಮೆಕ್ಯಾನಿಕ್‌ಗೆ ಕೊಟ್ಟು, ಎದುರಿಗೇ ಬಿಚ್ಚಿಸಿ, ಡ್ರಮ್ ಮತ್ತು ಬ್ಲೇಡ್ ಎರಡನ್ನೂ ಬದಲಿಸಿ ತುಂಬಿಸುತ್ತೇನೆ. ಪುಡಿ ಮಾತ್ರ ಹಾಕಿಸಿದರೆ ಇನ್ನೂ ಅಗ್ಗ. ಹಳೆಯ ಪುಡಿ ಸೇರುವ ಡಬ್ಬಿಯೊಳಗಿನ ಕಸದ ಕೋಣೆ ತುಂಬಿ ಹಾಳೆಯ ಮೇಲೆ ಚೆಲ್ಲಿದಾಗ ಆ ಉಳಿತಾಯ ಅಲ್ಲಿಗೇ ಹೋಗುತ್ತದೆ. ಒಂದು ಡಬ್ಬಿಗೆ ಈ ಉಪಚಾರ ಒಂದೇ ಸಲ. ಮತ್ತೆ ಖಾಲಿಯಾದರೆ ಅವರ ಬಳಿಯೇ ಬಿಟ್ಟು ಬರುತ್ತೇನೆ, ಬಿಡಿಭಾಗದ ಲೆಕ್ಕದಲ್ಲಿ ಮುಂದಿನ ಬಿಲ್ಲಿನಿಂದ ಒಂದಿಷ್ಟು ಕಳೆಯುತ್ತಾರೆ.